ಕೊನೆಯ ಬಿಲ್ಲಿಗೆ ಸಹಿ ಹಾಕುವ ಮುನ್ನ

ಬೆಂಗಳೂರಿನ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘಗಳ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಖಜಾಂಚಿಗಳೇ, ಸಮಿತಿಯ ಸದಸ್ಯರೇ,



ಮಾರ್ಚ್ ಹತ್ತಿರ ಬಂತೆಂದರೆ ನಮ್ಮ ಸಂಘಗಳ ಸಭೆಯಲ್ಲಿ ಒಂದು ವಿಷಯ ತಪ್ಪದೆ ಚರ್ಚೆಗೆ ಬರುತ್ತದೆ: ಹೌಸ್‌ಕೀಪಿಂಗ್ ಮತ್ತು ಸೆಕ್ಯೂರಿಟಿ ಏಜೆನ್ಸಿಯನ್ನು ಮುಂದುವರಿಸಬೇಕೇ, ಬದಲಿಸಬೇಕೇ? ಬೇಸ್‌ಮೆಂಟಿನಲ್ಲಿ ಎರಡು ದಿನ ನೀರು ನಿಂತಿತ್ತು, ರಾತ್ರಿ ಪಾಳಿಯ ಗಾರ್ಡ್ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ, ಸೂಪರ್‌ವೈಸರ್ ಫೋನ್ ಎತ್ತುವುದಿಲ್ಲ, ಪಕ್ಕದ ಅಪಾರ್ಟ್‌ಮೆಂಟಿನವರಿಗೆ ಇದಕ್ಕಿಂತ ಅಗ್ಗದಲ್ಲಿ ಸಿಕ್ಕಿದೆಯಂತೆ. ಕಾರಣಗಳು ಹಲವು, ಎಷ್ಟೋ ಸಲ ನ್ಯಾಯವಾದವು. ಒಪ್ಪಂದ ಮುಗಿಸುವುದು ಸಂಘದ ಹಕ್ಕು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಮುಗಿಸುವ ರೀತಿಯ ಬಗ್ಗೆ ಮಾತ್ರ ನಿಮ್ಮೊಂದಿಗೆ ಮಾತಾಡಬೇಕಿದೆ.

ಬಹುಕಾಲ ಸಂಬಳದ ವಿಭಾಗದಲ್ಲಿ ಲೆಕ್ಕ ಬರೆದವನು ನಾನು. ಈಗ ನಿಮ್ಮ ಹಾಗೆಯೇ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಸ. ನಮ್ಮಲ್ಲಿ ಏಜೆನ್ಸಿ ಬದಲಾದಾಗ ಹಳೆಯ ಬಿಲ್ಲುಗಳ ಕಡತ ನನ್ನ ಕೈಗೆ ಬಂತು. ಅದರಲ್ಲಿ ಕಂಡದ್ದನ್ನೂ, ಆಮೇಲೆ ಬೇರೆ ಸಂಘಗಳ ಖಜಾಂಚಿಗಳ ಜೊತೆ ಕೂತು ನೋಡಿದ್ದನ್ನೂ ಇಟ್ಟುಕೊಂಡು ಬರೆಯುತ್ತಿದ್ದೇನೆ. ಯಾವ ಏಜೆನ್ಸಿಯ ಹೆಸರನ್ನೂ ಹೇಳುವುದಿಲ್ಲ. ಪ್ರಾಮಾಣಿಕವಾಗಿ ನಡೆಯುವ ಏಜೆನ್ಸಿಗಳೂ ಇವೆ. ಅವರು ಕೊಟೇಷನ್ನಿನಲ್ಲಿ ಸೋಲುತ್ತಿರುವುದೇ ನಮ್ಮಿಂದ.

ಮೊದಲು ಬಿಲ್ಲನ್ನೇ ನೋಡೋಣ. ಸಂಘಕ್ಕೆ ಪ್ರತಿ ತಿಂಗಳು ಬರುವ ಬಿಲ್ಲಿನಲ್ಲಿ ಒಬ್ಬ ಕೆಲಸಗಾರರಿಗೆ ಇಷ್ಟು ಎಂದು ಲೆಕ್ಕ ಬಿಡಿಸಿ ತೋರಿಸಿರುತ್ತಾರೆ. ತಿಂಗಳ ಸಂಬಳ 16,000 ರೂಪಾಯಿ ಎಂದು ಇಟ್ಟುಕೊಳ್ಳಿ. ಪಿಎಫ್‌ನ ವೇತನ ಮಿತಿ 15,000. ಅದರ ಮೇಲೆ ಮಾಲೀಕರ ಪಾಲು, ವಿಮೆ, ಆಡಳಿತ ವೆಚ್ಚ ಸೇರಿ ಶೇ. 13, ಅಂದರೆ 1,950. ಇಎಸ್‌ಐಗೆ ಶೇ. 3.25, ಅಂದರೆ 520. ಬೋನಸ್ ಶೇ. 8.33, ಸುಮಾರು 1,333. ಗ್ರಾಚ್ಯುಟಿ ಸುಮಾರು 770. ಇದಾದ ಮೇಲೆ ರಜೆ ಸಂಬಳ, ರಿಲೀವರ್, ಯೂನಿಫಾರ್ಮ್. ಎಲ್ಲದರ ಮೇಲೆ ಸರ್ವಿಸ್ ಚಾರ್ಜ್, ಒಟ್ಟು ಮೊತ್ತದ ಮೇಲೆ ಶೇ. 18 ಜಿಎಸ್‌ಟಿ. ಮೇಂಟೆನೆನ್ಸ್ ಜಾಸ್ತಿಯಾಯಿತು ಎಂದು ನಾವು ಗೊಣಗುವ ಹಣ ಇದೇ.

ಈ ಸಾಲುಗಳನ್ನು ಎರಡು ಗುಂಪು ಮಾಡಿ ನೋಡಿ. ಸಂಬಳ, ಪಿಎಫ್, ಇಎಸ್‌ಐ ಆಯಾ ತಿಂಗಳೇ ಕೆಲಸಗಾರರಿಗೆ ತಲುಪಬೇಕಾದವು. ಬೋನಸ್, ಗ್ರಾಚ್ಯುಟಿ, ರಜೆ ಸಂಬಳ ಮುಂದೆಂದೋ ತಲುಪಬೇಕಾದವು. ಆದರೆ ಹಣ ನಮ್ಮ ಖಾತೆಯಿಂದ ಹೋಗುವುದು ಈ ತಿಂಗಳೇ. ಕೊಡುವ ದಿನ ಬರುವವರೆಗೆ ಅದು ಏಜೆನ್ಸಿಯ ಕೈಯಲ್ಲಿರುತ್ತದೆ. ಒಪ್ಪಂದ ಮುಗಿದು ಏಜೆನ್ಸಿ ಹೊರಟುಹೋದರೆ ಆ ಹಣವನ್ನು ಕೇಳುವವರು ಯಾರು? ಕೆಲಸಗಾರರಿಗೆ ಇಂಥ ಹಣ ಇದೆ ಎಂದೇ ಗೊತ್ತಿಲ್ಲ. ಸಂಘ ತನ್ನ ಪಾಲಿನದನ್ನು ಕೊಟ್ಟು ಕೈ ತೊಳೆದುಕೊಂಡಿದೆ.

ಗ್ರಾಚ್ಯುಟಿಯದು ಇನ್ನೂ ದೊಡ್ಡ ಅನ್ಯಾಯ. 1972ರ ಕಾಯ್ದೆಯ ಕಾಲದಿಂದಲೂ ಐದು ವರ್ಷ ಸತತ ಸೇವೆ ಮಾಡಿದವರಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಅದು ಸಲ್ಲಬೇಕು. ಆದರೆ ಸೇವೆಯನ್ನು ಎಣಿಸುವುದು ಒಬ್ಬ ಮಾಲೀಕನ ಕೈಕೆಳಗೆ. ನಾವು ಎರಡು ವರ್ಷಕ್ಕೊಮ್ಮೆ ಏಜೆನ್ಸಿ ಬದಲಿಸುತ್ತೇವೆ. ಅದೇ ಹೆಣ್ಣುಮಗಳು ಅದೇ ಮೆಟ್ಟಿಲನ್ನು ಎಂಟು ವರ್ಷ ಒರೆಸುತ್ತಾಳೆ. ಕಾಗದದ ಮೇಲೆ ಮಾತ್ರ ನಾಲ್ಕು ಕಡೆ ಎರಡೆರಡು ವರ್ಷ ದುಡಿದವಳಾಗುತ್ತಾಳೆ. ಎಲ್ಲೂ ಐದು ತುಂಬುವುದಿಲ್ಲ. 16,000 ರೂಪಾಯಿ ಸಂಬಳಕ್ಕೆ ವರ್ಷದ ಗ್ರಾಚ್ಯುಟಿ 9,231 ರೂಪಾಯಿ. ಎಂಟು ವರ್ಷಕ್ಕೆ 73 ಸಾವಿರ ದಾಟುತ್ತದೆ. ಆ ಹಣವನ್ನು ನಾವು ಪ್ರತಿ ತಿಂಗಳೂ ಕೊಟ್ಟಿದ್ದೇವೆ, ಮೇಲೆ ಜಿಎಸ್‌ಟಿಯನ್ನೂ ಕಟ್ಟಿದ್ದೇವೆ. ಅವಳ ಕೈಗೆ ಒಂದು ರೂಪಾಯಿಯೂ ಬಂದಿಲ್ಲ. ಮಗಳ ಮದುವೆಗೋ ಊರಿನ ಮನೆಯ ಮಾಡಿಗೋ ಆಗುತ್ತಿದ್ದ ದುಡ್ಡು ಅದು.

ಆದ್ದರಿಂದ ನನ್ನ ಮೊದಲ ಕೋರಿಕೆ ಇದು. ಗ್ರಾಚ್ಯುಟಿ ಸಾಲನ್ನು ಏಜೆನ್ಸಿಯ ತಿಂಗಳ ಬಿಲ್ಲಿನಿಂದ ತೆಗೆಸಿ. ಆ ಹಣವನ್ನು ಸಂಘದ ಹೆಸರಿನಲ್ಲೇ ಬೇರೆ ಬ್ಯಾಂಕ್ ಖಾತೆಯಲ್ಲಿ ಇಡಿ, ಒಬ್ಬೊಬ್ಬ ಕೆಲಸಗಾರರ ಹೆಸರಿಗೂ ಒಂದು ಪುಟ ತೆರೆಯಿರಿ. ಏಜೆನ್ಸಿ ಕೈಕೆಳಗೇ ಯಾರಿಗಾದರೂ ಐದು ವರ್ಷ ತುಂಬಿದರೆ ಅದರ ಬಿಲ್ ತರಿಸಿಕೊಂಡು ಕೊಡಿ. ತುಂಬುವ ಮೊದಲೇ ಏಜೆನ್ಸಿ ಬದಲಾದರೆ, ನಮ್ಮ ಆವರಣದಲ್ಲಿ ಅವರು ದುಡಿದ ಅಷ್ಟೂ ವರ್ಷಕ್ಕೆ ಸಂಘವೇ ಗೌರವಧನವೆಂದು ಕೊಡಲಿ. ಇದಕ್ಕೆ ವಾರ್ಷಿಕ ಸಭೆಯ ಒಂದು ನಿರ್ಣಯ ಸಾಕು. ಮೇಂಟೆನೆನ್ಸ್ ಒಂದು ಪೈಸೆಯೂ ಏರುವುದಿಲ್ಲ, ಏಕೆಂದರೆ ಈ ಹಣವನ್ನು ನಾವು ಈಗಲೂ ಕೊಡುತ್ತಿದ್ದೇವೆ.

ಇನ್ನು ಪಿಎಫ್. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಸ ಬೇರ್ಪಡಿಸುವ ಕೆಲಸದಲ್ಲಿ ಯಾದಗಿರಿ ಕಡೆಯ ಒಬ್ಬ ಅಕ್ಕ ಇದ್ದಾರೆ. ಏಜೆನ್ಸಿ ಬದಲಾಗುವ ಸುದ್ದಿ ಹಬ್ಬಿದಾಗ ಒಂದು ಸಂಜೆ ಕ್ಲಬ್‌ಹೌಸಿನ ಹೊರಗೆ ಕೂತು ಅವರ ಮಗನ ಫೋನಿನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು ನೋಡಿದೆವು. ಓಟಿಪಿ ಹಳೆಯ ನಂಬರಿಗೆ ಹೋಗುತ್ತಿತ್ತು, ಆ ಸಿಮ್ ಕಳೆದು ಎಷ್ಟೋ ಕಾಲವಾಗಿತ್ತು. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಂಡು ಬರಬೇಕಾಯಿತು. ಪುಟ ತೆರೆದಾಗ ತಿಂಗಳಿಗೊಂದು ಸಾಲು: ಅವರ ಪಾಲು 1,800, ಮಾಲೀಕರ ಪಾಲು 550, ಪಿಂಚಣಿಗೆ 1,250. ಹೀಗೆ ಸಾಲಾಗಿ ಬಂದು ಹತ್ತನೆಯ ತಿಂಗಳಿಗೆ ನಿಂತುಹೋಗಿತ್ತು. ಅಕ್ಕ ಪರದೆಯ ಮೇಲೆ ಬೆರಳಿಟ್ಟು ಕೇಳಿದರು: “ಸರ್ರ, ಇದರಾಗ ಬರೇ ಹತ್ತು ತಿಂಗಳದ್ದು ಐತಿ. ನಾ ಇಲ್ಲಿಗಿ ಬಂದ ಮ್ಯಾಲ ಊರಾಗ ಮೂರು ಜಾತ್ರಿ ಆದ್ವು. ಉಳಿದಿದ್ದು ಎಲ್ಲಿ ಹೋತ್ರಿ?”

ಪ್ರತಿ ತಿಂಗಳೂ ಅವರ ಸಂಬಳದಿಂದ 1,800 ಮುರಿದಿದ್ದರು. ಪ್ರತಿ ತಿಂಗಳೂ ಸಂಘ 1,950 ಕೊಟ್ಟಿತ್ತು. ಬಿಲ್ಲಿನ ಜೊತೆ ಚಲನ್ ಪ್ರತಿಯೂ ಇತ್ತು, ಆಡಿಟರ್ ಅದನ್ನು ನೋಡಿ ಟಿಕ್ ಹಾಕಿದ್ದರು. ಆದರೆ ಚಲನ್ ಎನ್ನುವುದು ಏಜೆನ್ಸಿಯ ಎಲ್ಲ ಸೈಟುಗಳ ಒಟ್ಟು ಮೊತ್ತದ ರಸೀದಿ. ಅದರಲ್ಲಿ ನಮ್ಮ ಜನರ ಹೆಸರಿರುವುದಿಲ್ಲ. ಹೆಸರಿರುವುದು ಇಸಿಆರ್ ಎಂಬ ತಿಂಗಳ ಪಟ್ಟಿಯಲ್ಲಿ: ಯುಎಎನ್ ಎಂಬ ಪಿಎಫ್ ನಂಬರ್, ಹೆಸರು, ಸಂಬಳ, ಕಟ್ಟಿದ ಮೊತ್ತ. ಆ ಪಟ್ಟಿಯನ್ನೂ ತಿದ್ದಿ ಕೊಡುವವರಿದ್ದಾರೆ. ಆದ್ದರಿಂದ ನಂಬಬೇಕಾದದ್ದು ಕೆಲಸಗಾರರ ಸ್ವಂತ ಪಾಸ್‌ಬುಕ್ಕನ್ನು, ಅದೊಂದನ್ನೇ. ಖಜಾಂಚಿಗಳೇ, ಆಡಿಟರ್ ಟಿಕ್ ಹಾಕಿದ್ದಾರೆಂದು ನೆಮ್ಮದಿಯಾಗಿರಬೇಡಿ. ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಬೆಳಿಗ್ಗೆ ಮೇಜು ಹಾಕಿ ಕೂತು, ಅವರ ಒಪ್ಪಿಗೆ ಪಡೆದು, ಅವರ ಮುಂದೆಯೇ ಪಾಸ್‌ಬುಕ್ ನೋಡಿ. ಅಪಾರ್ಟ್‌ಮೆಂಟಿನಲ್ಲಿ ಕಾಲೇಜು ಓದುವ ಮಕ್ಕಳಿದ್ದಾರೆ; ಪಾಸ್‌ಬುಕ್ ತೋರಿಸುವ ಉಮಂಗ್ ಆ್ಯಪ್ ಹಾಕಿಕೊಡುವುದು ಅವರಿಗೆ ಐದು ನಿಮಿಷದ ಕೆಲಸ.

ಹಣ ಕಟ್ಟಿದ್ದರೂ ಏಜೆನ್ಸಿ ಬದಲಾಗುವಾಗ ಇನ್ನೊಂದು ಹಾನಿ ಆಗುತ್ತದೆ. ಹೊಸ ಏಜೆನ್ಸಿಯವರು ಹಳೆಯ ಯುಎಎನ್ ಕೇಳುವ ಗೋಜಿಗೆ ಹೋಗದೆ ಹೊಸ ನಂಬರ್ ಮಾಡಿಸಿಬಿಡುತ್ತಾರೆ. ಹೆಸರಿನ ಅಕ್ಷರದಲ್ಲೋ ಹುಟ್ಟಿದ ತಾರೀಖಿನಲ್ಲೋ ವ್ಯತ್ಯಾಸವಿದ್ದರೆ ಎರಡನ್ನೂ ಕೂಡಿಸುವುದು ದೊಡ್ಡ ಪಾಡು. ಪಿಎಫ್ ಪಿಂಚಣಿ ಬರಬೇಕಾದರೆ ಹತ್ತು ವರ್ಷದ ಸೇವೆ ಇರಬೇಕು. ಮೂರು ನಂಬರುಗಳಲ್ಲಿ ಮೂರು, ನಾಲ್ಕು, ಮೂರು ವರ್ಷ ಎಂದು ಹರಿದು ಹಂಚಿಹೋದ ಸೇವೆಯನ್ನು ಐವತ್ತೆಂಟರ ವಯಸ್ಸಿನಲ್ಲಿ ಕೂಡಿಸುತ್ತಾ ಕೂರಲು ಅವರಿಂದ ಆಗುವುದಿಲ್ಲ. ಹೋಗುವ ಏಜೆನ್ಸಿ ಪ್ರತಿಯೊಬ್ಬರ ಕೆಲಸ ಬಿಟ್ಟ ದಿನಾಂಕವನ್ನೂ ಪಿಎಫ್ ಪೋರ್ಟಲಿನಲ್ಲಿ ನಮೂದಿಸಬೇಕು; ಮಾಡದಿದ್ದರೆ ಹಣ ವರ್ಗಾವಣೆ ಅಲ್ಲೇ ನಿಲ್ಲುತ್ತದೆ. 2020ರಿಂದ ಕೆಲಸಗಾರರೇ ಆ ದಿನಾಂಕ ಹಾಕಿಕೊಳ್ಳಬಹುದು, ಆದರೆ ಕೊನೆಯ ವಂತಿಗೆಯಾಗಿ ಎರಡು ತಿಂಗಳು ಕಾಯಬೇಕು. ಈ ಸೌಲಭ್ಯ ಇದೆಯೆಂದು ಅವರಿಗೆ ಹೇಳುವವರೂ ಬೇಕಲ್ಲ.

ಇಎಸ್‌ಐ ವಿಷಯದಲ್ಲಿ ನಮ್ಮ ಉದಾಸೀನದ ಬೆಲೆ ತಕ್ಷಣವೇ ಗೊತ್ತಾಗುತ್ತದೆ, ಆಸ್ಪತ್ರೆಯಲ್ಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಅಲ್ಲಿ ಆರಾರು ತಿಂಗಳ ವಂತಿಗೆ ಅವಧಿ. ಕಾಯಿಲೆಯ ರಜೆಗೆ ಹಣ ಸಿಗಬೇಕಾದರೆ ಒಂದು ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ಹೆರಿಗೆಗೆ 26 ವಾರದ ಸಂಬಳ ಸಹಿತ ರಜೆ ಸಿಗಬೇಕಾದರೆ ಹಿಂದಿನ ಎರಡು ಅವಧಿಗಳಲ್ಲಿ ಕನಿಷ್ಠ 70 ದಿನ. ಹೊಸ ಏಜೆನ್ಸಿ ಎರಡು ತಿಂಗಳು ತಡವಾಗಿ ಹೆಸರು ಸೇರಿಸಿದರೆ, ಅಥವಾ ಹೊಸ ವಿಮಾ ನಂಬರ್ ಮಾಡಿಸಿದರೆ, ಹಿಂದಿನ ದಿನಗಳೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತವೆ. ತುಂಬು ಗರ್ಭಿಣಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಕಿಟಕಿಯ ಮುಂದೆ ನಿಂತಾಗ ಕಂಪ್ಯೂಟರಿನಲ್ಲಿ ಹೆಸರೇ ಬಾರದಿದ್ದರೆ ಆಕೆಗೆ ಸಂಘದ ನಿರ್ಣಯವೂ ಗೊತ್ತಿಲ್ಲ, ಏಜೆನ್ಸಿಯ ಒಪ್ಪಂದವೂ ಗೊತ್ತಿಲ್ಲ. ವಾಪಸ್ ಬಸ್ ಹತ್ತುತ್ತಾಳೆ, ಬಡ್ಡಿಗೆ ಸಾಲ ತರುತ್ತಾಳೆ.

ಇದೆಲ್ಲ ಏಜೆನ್ಸಿಯ ಜವಾಬ್ದಾರಿ, ನಮ್ಮದಲ್ಲ ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆಯಲ್ಲೇ, ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವರು ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಆ ತತ್ತ್ವ ಹಾಗೇ ಉಳಿದಿದೆ. ಗುತ್ತಿಗೆ ನಿಯಮಗಳು ಅನ್ವಯವಾಗಲು ಹಿಂದೆ 20 ಜನರಿದ್ದರೆ ಸಾಕಿತ್ತು, ಈಗ 50 ಎಂದಾಗಿದೆ. ಹಾಗಾಗಿ ಸಣ್ಣ ಅಪಾರ್ಟ್‌ಮೆಂಟುಗಳು ಆ ಅಧ್ಯಾಯದಿಂದ ಹೊರಗುಳಿಯುತ್ತವೆ. ಆದರೆ ಹನ್ನೆರಡು ಜನ ದುಡಿಯುವ ಕಡೆ ಸಂಬಳ ತಿಂದುಹಾಕಿದರೆ ಅದು ಐವತ್ತು ಜನರಿರುವ ಕಡೆಗಿಂತ ಸಣ್ಣ ತಪ್ಪೇನಲ್ಲ. ಹೊಸ ಸಂಹಿತೆಗಳಲ್ಲಿ ನಮಗೆ ಕೆಲಸಕ್ಕೆ ಬರುವ ಎರಡು ಮಾತುಗಳಿವೆ. ಪ್ರತಿಯೊಬ್ಬ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಕೆಲಸದಿಂದ ತೆಗೆದಾಗ ಅಥವಾ ಅವರೇ ಬಿಟ್ಟಾಗ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಈ ಎರಡನ್ನೂ ಒಪ್ಪಂದದಲ್ಲೇ ಬರೆಸಿ, ನೇಮಕಾತಿ ಪತ್ರದ ಪ್ರತಿಯನ್ನು ಸಂಘದ ಕಚೇರಿಯಲ್ಲಿ ಇಟ್ಟುಕೊಳ್ಳಿ.

ಈಗ ಒಪ್ಪಂದ ಮುಗಿಸುವ ಕ್ರಮಕ್ಕೆ ಬರುತ್ತೇನೆ. ಸಾಮಾನ್ಯವಾಗಿ ಮೊದಲು ನೋಟಿಸ್ ಕೊಟ್ಟು, ಆಮೇಲೆ ಲೆಕ್ಕ ಕೇಳುತ್ತೇವೆ. ಇದು ತಿರುಗಬೇಕು. ನೋಟಿಸ್ ಹೋದ ಮರುದಿನದಿಂದ ಏಜೆನ್ಸಿಯ ಕಚೇರಿಯಲ್ಲಿ ನಿಮ್ಮ ಫೋನ್ ಎತ್ತುವವರು ಕಡಿಮೆಯಾಗುತ್ತಾರೆ. ಸಂಬಳದ ರಿಜಿಸ್ಟರ್, ಬ್ಯಾಂಕ್ ಮೂಲಕ ಪಾವತಿಯಾದ ದಾಖಲೆ, ಇಸಿಆರ್, ಇಎಸ್‌ಐ ವಿವರ, ಬೋನಸ್ ಕೊಟ್ಟ ಪಟ್ಟಿ ಇವಿಷ್ಟನ್ನೂ ನೋಟಿಸಿಗೆ ಮುಂಚೆಯೇ ತರಿಸಿಕೊಂಡು ಕೆಲಸಗಾರರ ಎದುರಿನಲ್ಲಿ ತಾಳೆ ನೋಡಿ. ಕೊರತೆ ಕಂಡುಬಂದರೆ ನೋಟಿಸಿನಲ್ಲೇ ಹೆಸರು, ತಿಂಗಳು, ಮೊತ್ತ ಬರೆದು ತುಂಬಿಕೊಡಲು ಹೇಳಿ.

ಕೆಲಸಗಾರರಿಗೆ ವಿಷಯ ತಿಳಿಸುವುದೂ ನಮ್ಮ ಬಾಯಿಂದಲೇ ಆಗಬೇಕು. ಸೂಪರ್‌ವೈಸರ್ ಬಾಯಿಂದ ಅದು ಹೇಗೆ ಹೋಗುತ್ತದೆ ಗೊತ್ತೇ? “ಒಂದನೇ ತಾರೀಖಿನಿಂದ ನಿಮ್ಮನ್ನು ಬೇರೆ ಸೈಟಿಗೆ ಹಾಕ್ತೀವಿ, ಬರದಿದ್ದರೆ ಈ ತಿಂಗಳ ಸಂಬಳ ಇಲ್ಲ.” ಬೆಳ್ಳಂದೂರಿನಲ್ಲಿ ಶೆಡ್ ಮಾಡಿಕೊಂಡು, ಮಕ್ಕಳನ್ನು ಅಲ್ಲೇ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿದವರನ್ನು ಯಲಹಂಕದ ಸೈಟಿಗೆ ಹೋಗು ಎಂದರೆ ಕೆಲಸ ಬಿಡು ಎಂದಂತೆಯೇ. ಸಭೆ ಕರೆದು ಕೂರಿಸಿ ಹೇಳಿ: ಏಜೆನ್ಸಿ ಬದಲಾಗುತ್ತಿದೆ, ಇಂಥ ದಿನದಿಂದ; ಇಲ್ಲಿಯೇ ಉಳಿಯುವ ಇಷ್ಟವಿದ್ದವರು ಉಳಿಯಬಹುದು; ನಿಮ್ಮ ಬಾಕಿ ಇಷ್ಟಿದೆ. ಕನ್ನಡದಲ್ಲಿ ಹೇಳಿ, ಅಸ್ಸಾಂ, ಒಡಿಶಾ ಕಡೆಯ ಗಾರ್ಡುಗಳಿದ್ದರೆ ಹಿಂದಿಯಲ್ಲೂ ಹೇಳಿ.

ಉಳಿಯಬಹುದು ಎಂದು ಹೇಳುವ ಸ್ವಾತಂತ್ರ್ಯ ನಮಗಿದೆಯೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಬಹಳಷ್ಟು ಒಪ್ಪಂದಗಳ ಕೊನೆಯ ಪುಟಗಳಲ್ಲಿ ಒಂದು ಷರತ್ತು ಇರುತ್ತದೆ: ಏಜೆನ್ಸಿಯ ಕೆಲಸಗಾರರನ್ನು ಸಂಘವಾಗಲಿ ಹೊಸ ಏಜೆನ್ಸಿಯಾಗಲಿ ಇಷ್ಟು ತಿಂಗಳು ಸೇರಿಸಿಕೊಳ್ಳಬಾರದು, ಸೇರಿಸಿಕೊಂಡರೆ ತಲೆಗೆ ಇಷ್ಟು ದಂಡ. ಮನುಷ್ಯರನ್ನು ಏಜೆನ್ಸಿಯ ಸಾಮಾನಿನಂತೆ ಕಾಣುವ ಈ ಷರತ್ತಿಗೆ ನಾವು ಓದದೆಯೇ ಸಹಿ ಹಾಕಿರುತ್ತೇವೆ. ಹೊಸ ಒಪ್ಪಂದದಲ್ಲಿ ಇದನ್ನು ಹೊಡೆದುಹಾಕಿಸಿ, ಅದರ ಜಾಗದಲ್ಲಿ ಬೇರೆ ಮಾತು ಬರೆಸಿ: ಈಗಿರುವವರಲ್ಲಿ ಇಷ್ಟವಿದ್ದವರನ್ನೆಲ್ಲ ಅದೇ ಸಂಬಳಕ್ಕೆ ಕಡಿಮೆಯಿಲ್ಲದಂತೆ ಹೊಸ ಏಜೆನ್ಸಿ ಮುಂದುವರಿಸಬೇಕು, ಹಳೆಯ ಯುಎಎನ್ ಮತ್ತು ಇಎಸ್‌ಐ ನಂಬರನ್ನೇ ಬಳಸಬೇಕು, ಯೂನಿಫಾರ್ಮಿನ ಹೆಸರಲ್ಲಿ ಅವರಿಂದ ಠೇವಣಿ ಹಿಡಿಯಬಾರದು. ಒಬ್ಬ ಕೆಲಸಗಾರನ ಮೇಲೆ ನಿಜವಾದ ದೂರಿದ್ದರೆ ಅವನೊಬ್ಬನನ್ನೇ ಕೂರಿಸಿ ವಿಚಾರಿಸಿ, ಅವನ ಮಾತನ್ನೂ ಕೇಳಿ. ಯಾವುದೋ ಫ್ಲ್ಯಾಟಿನಲ್ಲಿ ಬಳೆ ಕಳೆದುಹೋಯಿತೆಂದು ಮೂವತ್ತು ಜನರನ್ನು ಒಂದೇ ದಿನ ಗೇಟಿನಾಚೆ ಕಳಿಸಿದ ಸಂಘಗಳಿವೆ. ಎಂಟು ವರ್ಷ ನಮ್ಮ ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿದ ಗಾರ್ಡನ್ನು ಕಳ್ಳನ ಸಾಲಿನಲ್ಲಿ ನಿಲ್ಲಿಸುವುದು ಯಾವ ಮನೆತನದ ಲಕ್ಷಣ?

ಕೊಟೇಷನ್ ಬಗ್ಗೆ ಒಂದು ಮಾತು. ಕನಿಷ್ಠ ವೇತನ ಸರ್ಕಾರ ಗೊತ್ತುಮಾಡಿದ್ದು; ಕರ್ನಾಟಕದಲ್ಲಿ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ಪಿಎಫ್, ಇಎಸ್‌ಐ, ಬೋನಸ್ ದರಗಳೂ ಗೊತ್ತಿರುವಂಥವೇ. ಹಾಗಾಗಿ ಕಾನೂನುಬದ್ಧವಾಗಿ ಒಬ್ಬರನ್ನು ಎಂಟು ಗಂಟೆ ದುಡಿಸಲು ಕನಿಷ್ಠ ಎಷ್ಟು ಬೇಕೆಂದು ನಾವೇ ಕೂತು ಕೂಡಿಸಬಹುದು. ಏಜೆನ್ಸಿಗಳು ನಿಜವಾಗಿ ಪೈಪೋಟಿ ಮಾಡಬಹುದಾದದ್ದು ಸರ್ವಿಸ್ ಚಾರ್ಜಿನಲ್ಲಿ, ಮೇಲ್ವಿಚಾರಣೆಯ ಗುಣದಲ್ಲಿ. ನೀವು ಕೂಡಿಸಿದ ಮೊತ್ತಕ್ಕಿಂತ ಕಡಿಮೆಗೆ ಯಾರಾದರೂ ಬರೆದುಕೊಟ್ಟರೆ ಆ ಕಾಗದವನ್ನು ಅಲ್ಲಿಯೇ ಪಕ್ಕಕ್ಕಿಡಿ. ಆ ಕಡಿತ ಬರುವುದು ಒಂದೇ ಕಡೆಯಿಂದ: ಹನ್ನೆರಡು ಗಂಟೆ ದುಡಿಸಿ ಎಂಟು ಗಂಟೆಯ ಸಂಬಳ, ವಾರದ ರಜೆ ಇಲ್ಲ, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಇಲ್ಲ, ಇಪ್ಪತ್ತು ಜನರ ಬಿಲ್ಲಿಗೆ ಹದಿನೇಳು ಜನ. ರಾತ್ರಿ ಗಾರ್ಡ್ ನಿದ್ದೆ ಮಾಡಿದ ಎಂದು ಏಜೆನ್ಸಿ ಬದಲಿಸುವ ಮೊದಲು, ಅವನು ಹಗಲು ಪಾಳಿಯನ್ನೂ ಮಾಡಿ ಬಂದಿದ್ದನೇ ಎಂದು ಹಾಜರಿ ಪುಸ್ತಕ ತೆಗೆದು ನೋಡಿ.

ಏಜೆನ್ಸಿಯೇ ಬೇಡ, ನಾವೇ ನೇರವಾಗಿ ನೇಮಿಸಿಕೊಳ್ಳುತ್ತೇವೆ ಎನ್ನುವ ಸಂಘಗಳಿಗೆ ನನ್ನ ಬೆಂಬಲವಿದೆ. ಹತ್ತು ಜನರಿದ್ದರೆ ಇಎಸ್‌ಐ, ಇಪ್ಪತ್ತು ಜನರಿದ್ದರೆ ಪಿಎಫ್ ನೋಂದಣಿ ಮಾಡಿಸಬೇಕು. ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸಲು ಒಬ್ಬ ಅರೆಕಾಲಿಕ ಅಕೌಂಟೆಂಟ್ ಸಾಕು. ಸರ್ವಿಸ್ ಚಾರ್ಜ್ ಮತ್ತು ಜಿಎಸ್‌ಟಿ ಉಳಿಯುವುದರಿಂದ ಅವರ ಸಂಬಳ ಅದರಲ್ಲೇ ಹೊರಡುತ್ತದೆ. ಕಷ್ಟವಿರುವುದು ರಜೆ ಹಾಕಿದವರ ಜಾಗಕ್ಕೆ ಜನ ಹೊಂದಿಸುವುದರಲ್ಲಿ. ದೊಡ್ಡ ಆವರಣಗಳಿಗೆ ಇದು ಸುಲಭವಲ್ಲ. ಆದರೆ ಆಗದ ಕೆಲಸವೇನೂ ಅಲ್ಲ. ನಮ್ಮದೇ ನಗರದ ಪೌರಕಾರ್ಮಿಕರನ್ನು ನೋಡಿ. ಗುತ್ತಿಗೆದಾರರ ಕೈಕೆಳಗೆ ಸಂಬಳಕ್ಕಾಗಿ ಕಾಯುತ್ತಿದ್ದವರು ಹೋರಾಡಿ, 2022ರ ಜುಲೈನಲ್ಲಿ ಬೀದಿಗಿಳಿದು ಮುಷ್ಕರ ಹೂಡಿ, ಕೊನೆಗೆ 2025ರ ಮೇ 1ರಂದು ಅವರಲ್ಲಿ 12 ಸಾವಿರಕ್ಕೂ ಹೆಚ್ಚು ಜನ ಕಾಯಂ ನೇಮಕಾತಿ ಪತ್ರ ಪಡೆದರು. ಅಷ್ಟು ದೊಡ್ಡ ನಗರಾಡಳಿತ ಮಧ್ಯವರ್ತಿಯನ್ನು ಬಿಟ್ಟು ನಡೆಯಬಲ್ಲದಾದರೆ, ಇನ್ನೂರು ಮನೆಗಳ ಒಂದು ಸಂಘಕ್ಕೆ ಯಾಕಾಗದು?

ಈ ಮಾರ್ಚ್ 31ಕ್ಕೆ ನಿಮ್ಮಲ್ಲಿ ಹಲವರ ಒಪ್ಪಂದ ಮುಗಿಯುತ್ತದೆ. ಮಾರ್ಚ್ ತಿಂಗಳ ಪಿಎಫ್, ಇಎಸ್‌ಐ ಕಟ್ಟಲು ಏಜೆನ್ಸಿಗೆ ಏಪ್ರಿಲ್ 15ರವರೆಗೆ ಗಡುವಿದೆ, ಪಾಸ್‌ಬುಕ್ಕಿನಲ್ಲಿ ಅದು ಕಾಣಲು ಇನ್ನೂ ಕೆಲವು ದಿನ ಹಿಡಿಯುತ್ತದೆ. ಸಂಬಳದ ಮೊತ್ತವನ್ನು ತಡೆಯಬೇಡಿ. ಅದನ್ನು ತಡೆದರೆ ಏಜೆನ್ಸಿ ಅದೇ ನೆಪ ಹೇಳಿ ಅವರ ಸಂಬಳ ನಿಲ್ಲಿಸುತ್ತದೆ. ಪಿಎಫ್, ಇಎಸ್‌ಐ, ಬೋನಸ್, ರಜೆ ಸಂಬಳ, ಸರ್ವಿಸ್ ಚಾರ್ಜಿನ ಭಾಗವನ್ನು ಮಾತ್ರ ಬೇರೆ ಮಾಡಿ ಹಿಡಿದಿಡಿ. ಹೀಗೆ ಹಿಡಿದಿಡುವ ಹಕ್ಕು ಒಪ್ಪಂದದಲ್ಲಿ ಇಲ್ಲದಿದ್ದರೆ ಏಜೆನ್ಸಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಮುಂದಿನ ಒಪ್ಪಂದದಲ್ಲಿ ಮೊದಲೇ ಸೇರಿಸಿ. ಏಪ್ರಿಲ್ ಕೊನೆಯ ಭಾನುವಾರ ಎಲ್ಲರ ಪಾಸ್‌ಬುಕ್ ನೋಡಿ, ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯೇ ಪರಿಶೀಲಿಸಿ, ಬಾಕಿ ಚುಕ್ತಾ ಆಗಿದೆಯೆಂದು ಕೆಲಸಗಾರರೇ ಹೇಳಿದ ಮೇಲೆ ಉಳಿದ ಮೊತ್ತದ ಚೆಕ್ಕಿಗೆ ಸಹಿ ಹಾಕಿ. ನಿಮ್ಮ ಖಜಾಂಚಿಗೆ ಇಸಿಆರ್ ಓದಲು ಬಾರದಿದ್ದರೆ, ನಮ್ಮ ಸಂಘದಿಂದ ಇಬ್ಬರು ಬಂದು ಜೊತೆಗೆ ಕೂರುತ್ತೇವೆ.

ಇತಿ,
ನಿಮ್ಮಂತೆಯೇ ಒಂದು ಸಂಘದ ಸದಸ್ಯ